ಮಾಲು: ಸಂಸಾರ

ನಿವೃತ್ತರಾದ ಮೇಲೆ ಕೆಲವರು ಭಗವದ್ಗೀತೆ ಓದುತ್ತಾರೆ, ಕೆಲವರು ಷೇರುಪೇಟೆ ಓದುತ್ತಾರೆ. ನಾನು ಟೈರು ಓದಲು ಶುರು ಮಾಡಿದೆ. ಬೆಳಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು, ಪೋರ್ಟಿಕೋದಲ್ಲಿ ಕುಕ್ಕುರುಗಾಲಲ್ಲಿ ಕೂತು, ಭೂತಗನ್ನಡಿ ಹಿಡಿದು ವ್ಯಾನಿನ ಹಿಂದಿನ ಎಡ ಚಕ್ರವನ್ನು ಅಕ್ಷರ ಅಕ್ಷರ ಬಿಡಿಸುತ್ತಿದ್ದೆ. ಹಾಲಿನವನು ನೋಡಿ, "ಅಮ್ಮಾ, ಯಜಮಾನ್ರು ಏನೋ ಕಳ್ಕೊಂಡವ್ರೆ" ಎಂದು ಒಳಕ್ಕೆ ಕೂಗಿ ಹೇಳಿದ. "ಕಳ್ಕೊಂಡು ಭಾಳ ದಿನ ಆಯ್ತು, ನೀನು ಹಾಲು ಹಾಕು" ಎಂದಳು ನನ್ನಾಕೆ.

ಟೈರಿನ ಮೈಮೇಲೆ ಅಷ್ಟೊಂದು ಬರಹವಿರುತ್ತದೆಂದು ಅರವತ್ತು ವರ್ಷ ನನಗೆ ಗೊತ್ತಿರಲಿಲ್ಲ. 145 ಆರ್ 12 ಎಲ್‌ಟಿ 8 ಪಿಆರ್. ಇದು ಶಾಸನದ ಮೊದಲ ಸಾಲು. 145 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 12 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಹೊಲವನ್ನು ಗುಂಟೆಯಲ್ಲೂ ಸೈಟನ್ನು ಅಡಿಯಲ್ಲೂ ಹೂವನ್ನು ಮೊಳದಲ್ಲೂ ಅಳೆದು ಬದುಕಿದ ನನಗೆ ಈ ಕಲಸುಮೇಲೋಗರ ನೋಡಿ ಟೈರಿನ ಮೇಲೆ ತಟ್ಟನೆ ಅಕ್ಕರೆ ಹುಟ್ಟಿತು. ಆರ್ ಎಂದರೆ ರೇಡಿಯಲ್. ಎಲ್‌ಟಿ ಎಂದರೆ ಲೈಟ್ ಟ್ರಕ್. ನನ್ನ ಬಡಪಾಯಿ ಓಮ್ನಿಯ ಕಾಲಿಗೆ ಲಾರಿ ವಂಶದ ಚಪ್ಪಲಿ. 8 ಪಿಆರ್ ಎಂದರೆ ಎಂಟು ಪದರ ಎಂದುಕೊಂಡಿದ್ದೆ, ಅಲ್ಲವಂತೆ. ಹತ್ತಿ ನೂಲಿನ ಪದರ ಹಾಕಿ ಟೈರು ಮಾಡುತ್ತಿದ್ದ ಕಾಲದಲ್ಲಿ ಎಂಟು ಪದರಕ್ಕೆ ಎಷ್ಟು ತ್ರಾಣವೋ ಅಷ್ಟು ತ್ರಾಣ ಎಂದರ್ಥ. ಈಗ ಒಳಗೆ ಎಂಟು ಪದರವೂ ಇಲ್ಲ, ಹತ್ತಿಯೂ ಇಲ್ಲ. ಶಾನುಭೋಗಿಕೆ ಹೋಗಿ ಎರಡು ತಲೆಮಾರು ಕಳೆದರೂ ನಮ್ಮೂರಲ್ಲಿ ಆ ಮನೆಯನ್ನು ಶಾನುಭೋಗರ ಮನೆ ಎಂದೇ ಕರೆಯುತ್ತಾರಲ್ಲ, ಹಾಗೆ.

ಇದಕ್ಕೆಲ್ಲ ಮೂಲ ನನ್ನ ಅಕ್ಕನ ಮಗ. ಅವನು ಅಮೆರಿಕದ ಕೊಲೊರಾಡೊದಲ್ಲಿದ್ದಾನೆ. ಅಲ್ಲಿ ಒಂದು ಸ್ಪ್ರಿಂಟರ್ ವ್ಯಾನು ಕೊಂಡು, ಒಳಗೆ ಹಾಸಿಗೆ, ಒಲೆ, ಸಿಂಕು ಎಲ್ಲ ಕೂರಿಸಿ, ವಾರದ ಕೊನೆಗೆ ಬೆಟ್ಟ ಹತ್ತಿಸುತ್ತಾನೆ. ವ್ಯಾಟ್ಸ್ಯಾಪಿನಲ್ಲಿ ಫೋಟೋ ಬರುತ್ತದೆ: ಹಿಂದೆ ಹಿಮದ ಶಿಖರ, ಮುಂದೆ ಮಡಿಸುವ ಕುರ್ಚಿ, ಕುರ್ಚಿಯಲ್ಲಿ ಅವನು, ಕೈಯಲ್ಲಿ ನಮ್ಮ ಅಕ್ಕ ಕಳಿಸಿದ ಚಕ್ಕುಲಿ. ಅದನ್ನು ನೋಡಿ ನೋಡಿ ನನ್ನ ಹೊಟ್ಟೆಯೊಳಗೆ ಏನೋ ಆಗಿ, ನಾನೂ ಒಂದು ವ್ಯಾನು ಕೊಂಡೆ. 2013ರ ಮಾರುತಿ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂದು ಹುಟ್ಟಿ, ಆಮೇಲೆ ಓಮ್ನಿಯೆಂದು ಹೆಸರು ಬದಲಿಸಿಕೊಂಡು, 2019ಕ್ಕೆ ತಯಾರಿಕೆಯೇ ನಿಂತುಹೋದ ಗಾಡಿ. ನಮ್ಮ ಸಿನಿಮಾಗಳಲ್ಲಿ ನಾಯಕಿಯನ್ನು ಎತ್ತಿಹಾಕಿಕೊಂಡು ಹೋಗಲು ಇದನ್ನೇ ಬಳಸುತ್ತಿದ್ದರು. ಪಕ್ಕಕ್ಕೆ ಜಾರುವ ಬಾಗಿಲು, ಅನುಕೂಲ. ನನ್ನಾಕೆ ಮಾತ್ರ ಮೊದಲ ದಿನ ಹತ್ತಲು ಒಪ್ಪಲಿಲ್ಲ.

ವ್ಯಾನಿನೊಳಗೆ ಒಂದು ಹಲಗೆಯ ಮಂಚವನ್ನು ಬಿಗಿಯದೆ ಸುಮ್ಮನೆ ಇಟ್ಟಿದ್ದೇನೆ. ಆರ್‌ಸಿಯಲ್ಲಿರುವುದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಮೂವತ್ತಾರು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತವನಿಗೆ ಸೆಕ್ಷನ್ ಎಂದರೆ ಈಗಲೂ ಎದೆ ಡವಡವ.

ಮೊದಲ ಪ್ರಯಾಣ ನಂಜನಗೂಡಿನವರೆಗೆ. ಓಮ್ನಿಯಲ್ಲಿ ಡ್ರೈವರ್ ಕೂರುವುದೇ ಮುಂದಿನ ಚಕ್ರದ ಮೇಲೆ, ಅವನ ಸೀಟಿನ ಅಡಿಯಲ್ಲಿ ಎಂಜಿನ್ನು. ಎರಡು ಚಕ್ರಗಳ ನಡುವಿನ ಅಂತರ ಬರೀ 1840 ಮಿಲಿಮೀಟರ್. ಒಂದು ಗುಂಡಿಯನ್ನು ಮುಂದಿನ ಚಕ್ರ ನಮಸ್ಕರಿಸಿ ಏಳುವಷ್ಟರಲ್ಲಿ ಹಿಂದಿನದು ಅದೇ ಗುಂಡಿಗೆ ಅಡ್ಡಬಿದ್ದಿರುತ್ತದೆ. ಶ್ರೀಕಂಠೇಶ್ವರನ ಗೋಪುರ ಕಾಣುವ ಹೊತ್ತಿಗೆ ಉಪ್ಪಿನಕಾಯಿ ಜಾಡಿ ಮಂಚದ ಮೇಲಿತ್ತು, ದಿಂಬು ಒಲೆಯ ಮೇಲಿತ್ತು.

"ಮಾಮ, ಟೈರೂ ಸಸ್ಪೆನ್ಷನ್ನೂ ಅಪ್‌ಗ್ರೇಡ್ ಮಾಡ್ಸು" ಎಂದ ಅಳಿಯ. ತಾನು ಹಾಕಿಸಿದ್ದರ ಚಿತ್ರ ಕಳಿಸಿದ. ಆಲ್ ಟೆರೇನ್ ಟೈರು, ಮೊಸಳೆಯ ಬೆನ್ನಿನಂಥ ಮೈ, ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಬೆಟ್ಟದೊಳಗೆ ಹಿಮದ ಹರಳಿನ ಗುರುತು. ಹಿಮದಲ್ಲೂ ಹಿಡಿತ ಬಿಡದು ಎಂದು ಪರೀಕ್ಷೆಯಲ್ಲಿ ಗೆದ್ದ ಟೈರಿಗೆ ಮಾತ್ರ ಆ ಮುದ್ರೆಯಂತೆ. ಎತ್ತರದ ವ್ಯಾನು ಗಾಳಿಗೆ ಓಲಾಡದಿರಲಿ ಎಂದು ಹಿಂದೆ ದಪ್ಪ ಸ್ವೇ ಬಾರು, ನಾಲ್ಕೂ ಕಡೆ ಹೊಸ ಶಾಕು. ಅದರ ಬಿಲ್ಲನ್ನು ರೂಪಾಯಿಗೆ ತಿರುಗಿಸಿದರೆ ನನ್ನಂಥ ಎರಡು ಓಮ್ನಿ ಬಂದು ಮೇಲೆ ಪೆಟ್ರೋಲಿಗೂ ಉಳಿಯುತ್ತಿತ್ತು. ಮೈಸೂರಿನಲ್ಲಿ ನಾನು ಕಂಡ ಹಿಮವೆಂದರೆ ಐಸ್ ಕ್ಯಾಂಡಿ ಡಬ್ಬದ್ದು. ಆದರೂ ಆಸೆಗೆ ಕೇಳಿಕೊಂಡು ಅಲೆದೆ. ಹನ್ನೆರಡು ಇಂಚಿನ ಚಕ್ರಕ್ಕೆ ಮೊಸಳೆ ಮೈ ಕೊಡುವವರು ಯಾರೂ ಸಿಗಲಿಲ್ಲ.

ಕೊನೆಗೆ ಬನ್ನಿಮಂಟಪದ ಕಡೆಯ ಒಬ್ಬ ಹಳೆಯ ಮೇಸ್ತ್ರಿಯ ಹತ್ತಿರ ಹೋದೆ. ಅವರು ವ್ಯಾನಿಗೆ ಒಂದು ಸುತ್ತು ಬಂದರು. ಟೈರಿನ ಪಕ್ಕದಲ್ಲಿ ಒಂದು ಪುಟ್ಟ ಚೌಕದೊಳಗಿನ ನಾಲ್ಕು ಅಂಕಿ ತೋರಿಸಿದರು. 3813. ನನ್ನ ಭೂತಗನ್ನಡಿ ಅದನ್ನು ಕಂಡಿತ್ತು, ಅರ್ಥ ಗೊತ್ತಾಗಿರಲಿಲ್ಲ. 2013ರ 38ನೇ ವಾರ ಹುಟ್ಟಿದ ಟೈರು. ಹಿಂದಿನ ಯಜಮಾನರು ವ್ಯಾನನ್ನು ಆಯುಧಪೂಜೆಗೆ ಮಾತ್ರ ಹೊರಗೆ ತೆಗೆಯುತ್ತಿದ್ದರೋ ಏನೋ, ವೀಲ್ ಕಪ್ಪಿನ ಸಂದಿಯಲ್ಲಿ ಕುಂಕುಮ ಇನ್ನೂ ಇತ್ತು.

"ಬಟನ್ನೆಲ್ಲ ಹಂಗೇ ಇದೆ ಸಾರ್" ಎಂದರು ಮೇಸ್ತ್ರಿ, ಬೆರಳಿನಿಂದ ಟೈರಿನ ಗೀರು ಸವರುತ್ತ. "ರಬ್ಬರ್ ಸತ್ತೋಗಿದೆ. ಓಡ್ಸಿಲ್ಲ ನೋಡಿ. ನಿಂತ್ ನಿಂತೇ ವಯಸ್ಸಾಗೋಗಿದೆ." ಉಗುರಿನಿಂದ ಒತ್ತಿದರೆ ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಟ್ಟವು.

ಅವರು ಟೈರಿನ ಬಗ್ಗೆಯೇ ಹೇಳಿದ್ದು. ನನ್ನಾಕೆ ಯಾಕೋ ನನ್ನ ಕಡೆ ನೋಡಿದಳು.

ಸವೆದ ಟೈರಿಗೆ ಲೆಕ್ಕವಿದೆ. ಗೀರಿನೊಳಗೆ 1.6 ಮಿಲಿಮೀಟರ್ ಎತ್ತರದ ಸಣ್ಣ ದಿಣ್ಣೆಗಳಿರುತ್ತವೆ; ಬಟನ್ನು ಸವೆದು ಅವುಗಳ ಮಟ್ಟಕ್ಕೆ ಬಂದರೆ ಬದಲಾಯಿಸಬೇಕು. ಓಡದೆ ಮುದಿಯಾದದ್ದಕ್ಕೆ ಅಂಥ ದಿಣ್ಣೆ ಇಲ್ಲ. ತಾರೀಖು ನೋಡಬೇಕು, ಇಲ್ಲವೇ ಮಳೆಯಲ್ಲಿ ಬ್ರೇಕು ಹಿಡಿದು ನೋಡಬೇಕು.

ಸಸ್ಪೆನ್ಷನ್ ಮಾತೆತ್ತಿದರೆ ಮೇಸ್ತ್ರಿ, "ಮೊದ್ಲು ತೂಕ ಮಾಡ್ಸ್ಕೊಂಡು ಬನ್ನಿ" ಎಂದರು. ಪ್ರಯಾಣಕ್ಕೆ ಏನೇನು ಹಾಕಿಕೊಳ್ಳುತ್ತೀರೋ ಎಲ್ಲ ತುಂಬಿಕೊಂಡು, ಒಮ್ಮೆ ಇಡೀ ಗಾಡಿ, ಒಮ್ಮೆ ಹಿಂದಿನ ಚಕ್ರ ಮಾತ್ರ. ನಾವು ವೇ ಬ್ರಿಡ್ಜಿಗೆ ಹೋದೆವು. ಮುಂದೆ ಕಬ್ಬಿನ ಲಾರಿ, ಹಿಂದೆ ಜಲ್ಲಿ ಟಿಪ್ಪರು, ನಡುವೆ ನಾವು. ಕಿಟಕಿಯೊಳಗಿನ ಹುಡುಗ ತಲೆಯೆತ್ತದೆ ಕೇಳಿದ: "ಏನ್ ಮಾಲು?"

ನಾನು ತಡವರಿಸಿದೆ. ನೀರಿನ ಕ್ಯಾನು ಎರಡು, ಐದು ಕೆಜಿ ಗ್ಯಾಸು, ಇಡ್ಲಿ ಪಾತ್ರೆ, ಒಂದು ಪುಟ್ಟ ಒರಳು, ನನ್ನ ಪುಸ್ತಕದ ಪೆಟ್ಟಿಗೆ. "ಸಂಸಾರ" ಎಂದಳು ಒಳಗಿನಿಂದ ನನ್ನಾಕೆ. ಹುಡುಗ ಹಾಗೇ ಟೈಪು ಮಾಡಿದ. "ಅಮ್ಮ ಇಳೀತಾರಾ?" ಎಂದ. "ಪ್ರಯಾಣದಲ್ಲಿ ಇಳಿದು ನಡೀತೀನಾ?" ಎಂದಳು. ರಸೀದಿ ಬಂತು. ಮಾಲು: ಸಂಸಾರ. ಒಟ್ಟು 1150 ಕೆಜಿ. ಆರ್‌ಸಿಯಲ್ಲಿದ್ದ ಖಾಲಿ ತೂಕ 785. ನಿವ್ವಳ 365. ನಲವತ್ತು ವರ್ಷದ ದಾಂಪತ್ಯಕ್ಕೆ ಇಷ್ಟು ಕರಾರುವಾಕ್ಕಾದ ದಾಖಲೆ ನಮ್ಮಲ್ಲಿ ಬೇರೆ ಇರಲಿಲ್ಲ. ರಸೀದಿಯನ್ನು ಮದುವೆ ಆಲ್ಬಮ್ಮಿನಲ್ಲಿ ಇಟ್ಟಿದ್ದೇವೆ.

ಮೇಸ್ತ್ರಿ ರಸೀದಿ ನೋಡಿ ನಗಲಿಲ್ಲ. ಹಿಂದೆ 610 ಇದೆ, ಟೈರಿಗೆ ಇದೇನೂ ಭಾರವಲ್ಲ, ಬಗ್ಗಿರೋದು ಕಮಾನು ಎಂದರು. ಅವರ ಹುಡುಗ ಅದನ್ನು ಬ್ಲೇಡು ಎನ್ನುತ್ತಾನೆ, ಕೊಲೊರಾಡೊದವನು ಲೀಫ್ ಸ್ಪ್ರಿಂಗ್ ಎನ್ನುತ್ತಾನೆ, ಮೇಸ್ತ್ರಿ ಮಾತ್ರ ಕಮಾನು. ಆಮೇಲೆ ಬಂಪರಿನ ಒಂದು ಮೂಲೆಯನ್ನು ಮೈಭಾರ ಬಿಟ್ಟು ಒತ್ತಿ, ಕೈ ತೆಗೆದರು. ವ್ಯಾನು ತೊಟ್ಟಿಲ ಹಾಗೆ ತೂಗಿತು. ಒಂದು, ಎರಡು, ಮೂರು, ನಾಲ್ಕು. "ಒಂದ್ಸಲ ಎದ್ದು ಕೂರ್ಬೇಕು, ಅಷ್ಟೇ. ಶಾಕ್ ಅಬ್ಸರ್ವರ್ ಹೋಗಿದೆ."

ಅಬ್ಸಾರ್ಬರ್ ಎಂದು ತಿದ್ದಲು ಬಾಯಿ ತೆರೆದವನು ಸುಮ್ಮನಾದೆ. ನಂಜನಗೂಡಿನ ದಾರಿಯಲ್ಲಿ ಅದು ಮಾಡಿದ್ದು ಅದೇ. ಚುನಾವಣಾ ವೀಕ್ಷಕರ ಹಾಗೆ ಪ್ರತಿಯೊಂದು ಗುಂಡಿಯನ್ನೂ ಸುಮ್ಮನೆ ಗಮನಿಸುತ್ತ ಬಂದಿತ್ತು.

"ಭಾರ ಹೊರೋದು ಕಮಾನು ಸಾರ್. ಕುಣಿಯೋದನ್ನ ನಿಲ್ಸೋದು ಇದು. ಜನ ಎರಡನ್ನೂ ಕಲಸಿಬಿಡ್ತಾರೆ. ಗಾಡಿ ಬಗ್ಗಿದ್ರೆ ಶಾಕ್ ಬದಲಾಯಿಸ್ತಾರೆ, ಕುಣಿದ್ರೆ ಬ್ಲೇಡ್ ಹಾಕಿಸ್ತಾರೆ." ಗ್ಯಾಸ್ ತುಂಬಿದ ಶಾಕು ಹಾಕಿಸಿ ಎಂದರು. ಕೆಟ್ಟ ರಸ್ತೆಯಲ್ಲಿ ಒಳಗಿನ ಎಣ್ಣೆ ಕಡೆದು ಕಡೆದು ನೊರೆಯೇಳುತ್ತದೆ, ನೊರೆಗೆ ತಡೆಯುವ ಶಕ್ತಿಯಿಲ್ಲ. ಒತ್ತಡದ ನೈಟ್ರೋಜನ್ ಇದ್ದರೆ ನೊರೆ ಏಳುವುದು ಕಡಿಮೆ. ಒಂದು ಬ್ಲೇಡು ಜಾಸ್ತಿ ಹಾಕಿಬಿಡಿ ಎಂದರೆ ಒಪ್ಪಲಿಲ್ಲ. "ಸಾಮಾನು ಇಳಿಸಿದ ದಿನ ಮೇಕೆ ಥರಾ ನೆಗೀತದೆ. ಇರೋ ಕಮಾನನ್ನೇ ಎತ್ತಿಸ್ಕೊಡ್ತೀನಿ. ನೀವು ಒಂದಿಷ್ಟು ಭಾರ ಇಳ್ಸಿ."

ಏನನ್ನು ಇಳಿಸುವುದು? ಆ ರಾತ್ರಿ ಮನೆಯಲ್ಲಿ ಶಿಖರ ಸಭೆ ನಡೆಯಿತು. ಪುಸ್ತಕ ಎಂದಳು ಅವಳು. ಒರಳು ಎಂದೆ ನಾನು. ಒರಳಿನ ಚಟ್ನಿಯನ್ನು ಪುಸ್ತಕದಲ್ಲಿ ಅರೆಯಲಾಗುವುದಿಲ್ಲ ಎಂದಳು. ಕೊನೆಗೆ ಒಂದು ನೀರಿನ ಕ್ಯಾನು ಇಳಿಯಿತು. ಇಪ್ಪತ್ತು ಕೆಜಿ. ಕಾವೇರಿ ಸೀಮೆಯಲ್ಲಿ ನೀರು ಹೊತ್ತು ತಿರುಗುವುದು ಅಪಮಾನ ಎಂದು ಇಬ್ಬರೂ ಒಪ್ಪಿದೆವು.

ಟೈರಂಗಡಿಯದು ಬೇರೆ ಕತೆ. ಮೈಸೂರಿನವರಿಗೆ ಟೈರೇನೂ ಪರಕೀಯವಲ್ಲ. ಕೆಆರ್‌ಎಸ್ ರಸ್ತೆಯ ಮೇಟಗಳ್ಳಿಯಲ್ಲಿ ವಿಕ್ರಾಂತ್ ಟೈರ್ಸ್ ಇತ್ತು. 1997ರಲ್ಲಿ ಅದು ಜೆಕೆ ಟೈರ್ ಕೈಗೆ ಹೋದರೂ ನನ್ನ ವಯಸ್ಸಿನವರ ಬಾಯಲ್ಲಿ ಇವತ್ತಿಗೂ ವಿಕ್ರಾಂತೇ. ಆದರೆ ಅಂಗಡಿಯ ಹುಡುಗನಿಗೆ ಈ ಚರಿತ್ರೆ ಬೇಕಿರಲಿಲ್ಲ. "ಅಂಕಲ್, ತರ್ಟೀನ್ ಇಂಚು ಅಲಾಯ್ ಹಾಕ್ಸಿ, ಲುಕ್ ಬರುತ್ತೆ." ಚಕ್ರ ದೊಡ್ಡದಾದರೆ ಓಡಿದ್ದಕ್ಕಿಂತ ಕಡಿಮೆ ಕಿಲೋಮೀಟರನ್ನು ಮೀಟರು ತೋರಿಸುತ್ತದಲ್ಲಪ್ಪ ಎಂದೆ. "ಒಳ್ಳೇದೇ ಅಲ್ವಾ ಅಂಕಲ್, ಮಾರೋವಾಗ." ಕಾರಿನ ಮೆತ್ತನೆ ಟೈರು ಹಾಕಿಸಿಬಿಡಲೇ ಎಂಬ ಆಸೆಯೂ ಬಂತು. ಅದು ಗುಂಡಿಯನ್ನು ನುಂಗುತ್ತದೆ, ಆದರೆ ವ್ಯಾನಿನ ಹೊರೆಗೆ ಮಾಡಿದ್ದಲ್ಲ. ಎಲ್‌ಟಿ ಟೈರಿನ ಪಕ್ಕೆ ಗಟ್ಟಿ, ಹೊರೆ ಹೊರುತ್ತದೆ, ಗುಂಡಿಯ ಸುದ್ದಿಯನ್ನು ನಿಷ್ಠೆಯಿಂದ ಬೆನ್ನುಮೂಳೆಗೆ ತಲುಪಿಸುತ್ತದೆ. ಹಾಗೆಂದು ಗಾಳಿ ಕಡಿಮೆ ಮಾಡಿದರೆ ಪಕ್ಕೆ ಬಾಗಿ ಬಾಗಿ ಕಾದು ಕೊನೆಗೊಂದು ದಿನ ಸಿಡಿಯುತ್ತದೆ. ಶಾಸನದಲ್ಲಿದ್ದ ಅಳತೆಯದನ್ನೇ ಕೊಂಡೆ, ನಾಲ್ಕು ಅಂಕಿ ಓದಿ, ಆರು ವಾರದ ಕೂಸುಗಳನ್ನೇ ಆರಿಸಿ. ನೈಟ್ರೋಜನ್ ಹೊಡೆಸಿ ಎಂದ. ಸಾದಾ ಗಾಳಿಯಲ್ಲೇ ನೂರಕ್ಕೆ ಎಪ್ಪತ್ತೆಂಟು ಪಾಲು ಅದೇ ಇದೆ, ಉಳಿದದ್ದಕ್ಕೆ ಮಾತ್ರ ದುಡ್ಡು ತಗೋ ಎಂದೆ. ಸ್ಟೆಪ್ನಿಗೂ ಹೊಸದು ಹಾಕಿಸಿದೆ. ವೇಲ್ಸ್ ದೇಶದ ಲನೆಥ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಹುಟ್ಟಿದ ಹೆಸರದು. ಆ ಬೀದಿಯವರಿಗೆ ಗೊತ್ತೋ ಇಲ್ಲವೋ, ನಮ್ಮಲ್ಲಿ ಪಂಚರಾದವರೆಲ್ಲ ದಿನವೂ ಸ್ಮರಿಸುತ್ತಾರೆ.

ವ್ಯಾನು ಸಿದ್ಧವಾದ ಮೇಲೆ ಎಲ್ಲಿಗೆ ಎಂದು ಯೋಚಿಸಲಿಲ್ಲ. ಮೇಸ್ತ್ರಿ ಕಮಾನು ಎಂದ ದಿನವೇ ಅದು ತೀರ್ಮಾನವಾಗಿತ್ತು. ಹುಣಸೂರು ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜನ ಹತ್ತಿರ ಕಮಾನು ಗಾಡಿಯಿತ್ತು, ಬಿದಿರಿನ ಕಮಾನು, ಮೇಲೆ ಚಾಪೆ. ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೊರಡುತ್ತಿದ್ದೆವು. ಮರದ ಚಕ್ರಕ್ಕೆ ಕಬ್ಬಿಣದ ಹಳಿ. ಆಚಾರಿ ಅದನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಚಕ್ರಕ್ಕೆ ತೊಡಿಸಿ, ಚುಂಯ್ ಎಂದು ನೀರು ಸುರಿದರೆ ಬಿಗಿದು ಕೂರುತ್ತಿತ್ತು. ಟೈರು ಅಷ್ಟೇ. ಸಸ್ಪೆನ್ಷನ್ ಎಂದರೆ ಗಾಡಿಯ ತುಂಬ ಹರವಿದ ಮೊಳದೆತ್ತರದ ಹುಲ್ಲು, ಮೇಲೊಂದು ಕಂಬಳಿ. ಒಂದೇ ತೊಂದರೆ: ಆ ಹುಲ್ಲು ಎತ್ತುಗಳ ಬುತ್ತಿಯೂ ಹೌದು. ತಂಗಿದ ಕಡೆಯಲ್ಲೆಲ್ಲ ಅವು ನಮ್ಮ ಸಸ್ಪೆನ್ಷನ್ನನ್ನು ಮೇಯುತ್ತಿದ್ದವು. ವಾಪಸು ಬರುವಾಗ ಬರೀ ಹಲಗೆ.

ಹಲ್ಲಿಗೆ ಹಲ್ಲು ಬಡಿಯುತ್ತಿತ್ತು ಎಂದು ನನ್ನಕ್ಕ ಇಂದಿಗೂ ಆಣೆಯಿಟ್ಟು ಹೇಳುತ್ತಾಳೆ. ನನ್ನ ನೆನಪಿನಲ್ಲಿ ಆ ಗಾಡಿ ತೇಲುತ್ತದೆ. ಕೆಳಗೆ ತೂಗುವ ಲಾಟೀನಿನ ಬೆಳಕಲ್ಲಿ ಎತ್ತಿನ ಕಾಲುಗಳ ನೆರಳು ಮರದೆತ್ತರ ನಡೆಯುತ್ತಿತ್ತು. ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ ಬಿಟ್ಟರೂ ಚಕ್ರ ಕಿರುಗುಡುವುದು ನಿಲ್ಲುತ್ತಿರಲಿಲ್ಲ. ಇನ್ನೊಂದಿಷ್ಟು ಹಾಕು ತಾತ ಎಂದರೆ, "ಸದ್ದು ನಿಂತ್ರೆ ಎತ್ತು ತೂಕಡಿಸ್ತವೆ ಕಣ್ಲಾ, ನೀನು ಮಲಿಕ್ಕ" ಎನ್ನುತ್ತಿದ್ದರು.

ನಾವು ಚುಂಚನಕಟ್ಟೆ ತಲುಪಿದಾಗ ಜಾತ್ರೆಯ ಕಾಲವಲ್ಲ. ಕೋದಂಡರಾಮನ ಗುಡಿಯ ಮುಂದೆ ನಾಲ್ಕು ಬೈಕು, ಒಂದು ಕಡಲೆಪುರಿ ಗಾಡಿ. ದಾರಿಯುದ್ದಕ್ಕೂ ಉಪ್ಪಿನಕಾಯಿ ಜಾಡಿ ತನ್ನ ಜಾಗದಲ್ಲೇ ಇತ್ತು. ಅದನ್ನು ಅಳಿಯನಿಗೆ ಫೋಟೋ ತೆಗೆದು ಕಳಿಸಿದೆ. ಗುಡಿಯವರನ್ನು ಕೇಳಿಕೊಂಡು ಒಂದು ಹುಣಸೆಮರದ ಕೆಳಗೆ ವ್ಯಾನು ನಿಲ್ಲಿಸಿದೆವು. ಊಟ ಮುಗಿಸಿ, ನೇರ ಚಾಚಿದರೆ ಕಾಲು ಬಾಗಿಲಿಗೆ ತಾಗುವುದರಿಂದ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದೆವು. ಆಚೆ ಕಾವೇರಿ ಬಂಡೆಯಿಂದ ಧುಮುಕುವ ಸದ್ದು.

ನಡುರಾತ್ರಿ ಅವಳು ಮಗ್ಗುಲು ಬದಲಿಸಿದಳು. ಅಡಿಯಲ್ಲಿ, ಹಿಂದಿನ ಎಡಗಡೆ, ಉದ್ದವಾಗಿ ಕಿರ್ರ್ ಎಂದಿತು.

"ಏನ್ರೀ ಅದು?"

"ಕಮಾನು."

"ನಾಳೆ ಊರಿಗೆ ಹೋದ್ಮೇಲೆ ಗ್ರೀಸ್ ಹಾಕ್ಸಿ" ಎಂದು ಹೇಳಿ ನಿದ್ದೆ ಹೋದಳು.

ಹೂಂ ಎಂದೆ. ಇದಾಗಿ ನಾಲ್ಕು ತಿಂಗಳಾಯಿತು, ಹಾಕಿಸಿಲ್ಲ.