ಮಾವನ ಮಿಂಚು

ಹಳೆಯ ಮಾತನ್ನು ಹೊಸ ವಾಕ್ಯದಲ್ಲಿ ಕೂಡಿಸುವುದು ನನ್ನ ಕಸುಬು. ಹಳಗನ್ನಡದ ಒಂದು ಪದವನ್ನು ಇಂದಿನ ಹುಡುಗರ ಬಾಯಿಗೆ ಕೊಟ್ಟರೆ ಹೆಚ್ಚೆಂದರೆ ಅವರು ನಕ್ಕಾರು. ಪ್ರಾಣಹಾನಿ ಏನೂ ಇಲ್ಲ. ಹಳೆಯ ಫ್ಲ್ಯಾಷನ್ನು ಹೊಸ ಡಿಜಿಟಲ್ ಕ್ಯಾಮೆರಾದ ತಲೆಯ ಮೇಲೆ ಕೂಡಿಸುವ ವಿಷಯ ಹಾಗಲ್ಲ. ಅಲ್ಲಿ ಹಳಬನು ಹೊಸಬನನ್ನು ಸುಟ್ಟೇಬಿಡಬಲ್ಲ. ತಾನು ಮಾತ್ರ ಏನೂ ಆಗದವನಂತೆ ಮಿಂಚುತ್ತಲೇ ಇರುತ್ತಾನೆ.

ನನ್ನ ಸೋದರಮಾವ ದೊಡ್ಡಬಳ್ಳಾಪುರದಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟಿದ್ದರು. ಘಾಟಿ ಸುಬ್ರಹ್ಮಣ್ಯದ ಜಾತ್ರೆ ಬಂದಿತೆಂದರೆ ಸ್ಟುಡಿಯೋಗೆ ಬೀಗ. ಮಾವ ಯಾಷಿಕಾ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಘಾಟಿಗೆ ಹೊರಟರೆಂದೇ ಲೆಕ್ಕ. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವ ಒಂದು ಕಡೆ, ಅದಕ್ಕೆ ಮುನ್ನ ನೆರೆಯುವ ದನಗಳ ಜಾತ್ರೆ ಇನ್ನೊಂದು ಕಡೆ. ಹಳ್ಳಿಕಾರ್ ಹೋರಿಗಳ ಜೋಡಿ ಕೊಂಡ ರೈತ, ಹೆಂಡತಿಯ ಪಕ್ಕದಲ್ಲಿ ನಿಲ್ಲಲು ನಾಚಿದರೂ ಹೋರಿಗಳ ನಡುವೆ ನಿಂತು ಧಾರಾಳವಾಗಿ ಪಟ ತೆಗೆಸಿಕೊಳ್ಳುತ್ತಿದ್ದನಂತೆ. ಮುಸ್ಸಂಜೆಯ ಆ ಪಟಗಳಿಗೆಲ್ಲ ಬೆಳಕು ಕೊಟ್ಟದ್ದು 1970ರ ದಶಕದಲ್ಲಿ ಮಾವ ಮದರಾಸಿನ ಬರ್ಮಾ ಬಜಾರಿನಲ್ಲಿ ಕೊಂಡ ವಿವಿಟಾರ್ 283 ಎಂಬ ಫ್ಲ್ಯಾಷ್. ಗುಂಡಿ ಒತ್ತಿದರೆ ಸೊಳ್ಳೆಯೊಂದು ಕಿವಿಯ ಬಳಿ ಬಂದು ದೂರ ಹಾರಿಹೋದಂತೆ ಸಣ್ಣಗೆ ಕುಂಯ್‌ಗುಟ್ಟಿ, ಹಿಂಬದಿಯ ಪುಟ್ಟ ದೀಪ ಹೊತ್ತಿಕೊಳ್ಳುತ್ತಿತ್ತು. ನನ್ನ ಬಾಲ್ಯದಲ್ಲಿ ಆ ದೀಪವನ್ನು ಕಾಯುವುದೇ ನನ್ನ ಉದ್ಯೋಗ.

ಮಾವ ತೀರಿಕೊಂಡ ಮೇಲೆ ಅತ್ತೆ ಅದನ್ನು ನನ್ನ ಕೈಗಿಟ್ಟು, "ಬೀರುವಿನಲ್ಲಿಟ್ಟು ಪೂಜೆ ಮಾಡಬೇಡ ಕಣೋ, ಯಾರಿಗಾದರೂ ಇನ್ನೂ ನಾಲ್ಕು ದಿನ ಅನ್ನ ಕೊಡಲಿ" ಎಂದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಘಾಟಿಯಲ್ಲಿ ನಾಗಪ್ರತಿಷ್ಠೆಗೆ ಬರುವ ಕುಟುಂಬಗಳ ಚಿತ್ರ ತೆಗೆದು ಬದುಕುತ್ತಿದ್ದಾನೆ. ಚೀಟಿ ಎತ್ತಿ ಕೊಂಡ ಹಳೆಯ ಕ್ಯಾನನ್ ಡಿಜಿಟಲ್ ಕ್ಯಾಮೆರಾ ಅವನದು. ಚೀಟಿಯ ಕಂತು ಇನ್ನೂ ಎಂಟು ತಿಂಗಳು ಉಳಿದಿತ್ತು. ಅವನಿಗೆ ಫ್ಲ್ಯಾಷ್ ಬೇಕಾದದ್ದು ಕತ್ತಲೆಗಲ್ಲ, ನಡುಹಗಲಿಗೆ. ನಾಗರಕಲ್ಲುಗಳ ಬಳಿ ಜನ ಮರದ ನೆರಳಲ್ಲಿ ನಿಲ್ಲುತ್ತಾರೆ, ಬೆನ್ನ ಹಿಂದೆ ಬಿಸಿಲು ಸುರಿಯುತ್ತಿರುತ್ತದೆ. ಚಿತ್ರದಲ್ಲಿ ಬಿಸಿಲು ಚೆನ್ನಾಗಿ ಬರುತ್ತದೆ, ಮುಖಗಳು ಮಸಿಯಾಗುತ್ತವೆ. ಹರಕೆ ಹೊತ್ತು ಹಡೆದ ಮಗುವಿನ ಮುಖವೇ ಕಾಣದಿದ್ದರೆ ಯಾವ ತಾಯಿ ದುಡ್ಡು ಕೊಟ್ಟಾಳು?

ಫ್ಲ್ಯಾಷನ್ನು ಕಂಡೊಡನೆ ಹುಡುಗ ಕ್ಯಾಮೆರಾದ ಮೇಲೆ ಜಾರಿಸಲು ಹೊರಟ. "ತಾಳಪ್ಪಾ" ಎಂದೆ. "ಯಾಕೆ ಸಾರ್, ಕಾಲು ಸರಿಯಾಗಿಯೇ ಕೂತ್ಕೊಳ್ಳುತ್ತಲ್ಲ?" ಎಂದ. ಅಲ್ಲಿಯೇ ಇರುವುದು ಮೋಸ. ಕಾಲು ಕೂತುಕೊಳ್ಳುತ್ತದೆ, ಐವತ್ತು ವರ್ಷದ ಹಿಂದಿನ ಕಾಲೂ ಇಂದಿನ ಪಾದರಕ್ಷೆಗೆ ಹಿಡಿಸುತ್ತದೆ.

ಮಾವನ ಕ್ಯಾಮೆರಾದಲ್ಲಿ ಷಟರು ತೆರೆದಾಗ ಎರಡು ಲೋಹದ ತುಣುಕುಗಳು ಒಂದಕ್ಕೊಂದು ತಗಲುತ್ತಿದ್ದವು. ಅಷ್ಟರಿಂದಲೇ ಫ್ಲ್ಯಾಷ್ ಸಿಡಿಯುತ್ತಿತ್ತು. ಅವುಗಳ ಮೂಲಕ ಆರು ವೋಲ್ಟು ಹರಿದರೂ ಒಂದೇ, ಇನ್ನೂರು ಹರಿದರೂ ಒಂದೇ. ಇಂದಿನ ಕ್ಯಾಮೆರಾದಲ್ಲಿ ಆ ತುಣುಕುಗಳ ಜಾಗಕ್ಕೆ ಸೂಕ್ಷ್ಮವಾದ ಎಲೆಕ್ಟ್ರಾನಿಕ್ ಸ್ವಿಚ್ಚು ಬಂದಿದೆ. ಹಳೆಯ ಫ್ಲ್ಯಾಷಿನ ವೋಲ್ಟೇಜು ಅದರ ಶಕ್ತಿಗೆ ಮೀರಿದ್ದರೆ ಸ್ವಿಚ್ಚು ಒಮ್ಮೆಗೇ ಸಾಯಬಹುದು; ಇಲ್ಲವೆ ಹತ್ತು ದಿನ ಸಹಿಸಿಕೊಂಡು ಹನ್ನೊಂದನೆಯ ದಿನ, ಮಾಂಗಲ್ಯಧಾರಣೆಯ ಹೊತ್ತಿಗೆ ಸರಿಯಾಗಿ ಸಾಯಬಹುದು. ಎರಡನೆಯದೇ ಹೆಚ್ಚು ಕ್ರೂರವೆಂದು ನನ್ನ ಅಭಿಪ್ರಾಯ.

ಯಾವ ಕ್ಯಾಮೆರಾ ಎಷ್ಟು ತಾಳುತ್ತದೆ? ನಿಕಾನ್ ಕೈಪಿಡಿಗಳಲ್ಲಿ 250 ವೋಲ್ಟು ಮೀರಬಾರದೆಂದು ಅಚ್ಚು ಹಾಕಿದ್ದಾರೆ. 1992ರ ಅಂತರರಾಷ್ಟ್ರೀಯ ಮಾನಕ ಹೇಳುವುದು 24 ವೋಲ್ಟು. ಕ್ಯಾನನ್ನಿನ ಕೆಲವು ಹಳೆಯ ಮಾದರಿಗಳಿಗೆ ಆರೇ ವೋಲ್ಟೆಂಬ ಮಿತಿ ಇತ್ತು. ಕೈಪಿಡಿ ಕೈಯಲ್ಲಿಲ್ಲದವನು ಕಡಮೆಯ ಅಂಕಿಯನ್ನೇ ನಂಬುವುದು ಕ್ಷೇಮ.

ಇನ್ನು ಫ್ಲ್ಯಾಷಿನ ಹೆಸರನ್ನು ನೋಡಿ ತೀರ್ಮಾನ ಮಾಡುವಂತಿಲ್ಲ. ಅದೇ 283, ಜಪಾನಿನಲ್ಲಿ ತಯಾರಾದ ಮೊದಮೊದಲಿನವುಗಳಲ್ಲಿ ಇನ್ನೂರಕ್ಕೂ ಮೇಲ್ಪಟ್ಟ ವೋಲ್ಟು ಕಂಡುಬರುತ್ತದೆ. ಮುಂದಿನವುಗಳಲ್ಲಿ ಅನೇಕಕ್ಕೆ ಹತ್ತರ ಒಳಗೆ. ನಾವು ತರಗತಿಯಲ್ಲಿ ನಾನಾರ್ಥ ಪದವೆನ್ನುವುದು ಇದನ್ನೇ. ಅಲ್ಲಿ ಅರ್ಥ ತಿಳಿಯಲು ಸಂದರ್ಭ ನೋಡುತ್ತೇವೆ. ಇಲ್ಲಿ ಮೀಟರು ನೋಡಬೇಕು.

ಕಾಲೇಜಿನ ಭೌತಶಾಸ್ತ್ರದ ಗೆಳೆಯರು ಮೀಟರು ತಂದರು. ಹೊಸ ಸೆಲ್ಲು ಹಾಕಿ, ದೀಪ ಹೊತ್ತುವವರೆಗೆ ಕಾದು, ಮೀಟರನ್ನು ಡಿ.ಸಿ. 600 ವೋಲ್ಟಿಗೆ ಇಟ್ಟು, ಕೆಂಪು ಕಡ್ಡಿಯನ್ನು ಫ್ಲ್ಯಾಷಿನ ಪಾದದ ನಡುವಣ ಬಿಂದುವಿಗೂ ಕಪ್ಪು ಕಡ್ಡಿಯನ್ನು ಅಂಚಿನ ಲೋಹಕ್ಕೂ ಮುಟ್ಟಿಸಿದರು. 238. "ನಿಮ್ಮ ಮನೆಯ ಗೋಡೆಯ ಪ್ಲಗ್ಗಿನಲ್ಲಿರುವುದೂ ಹೆಚ್ಚುಕಡಮೆ ಇಷ್ಟೇ ಕಣ್ರೀ" ಎಂದರು. ಅಗ್ಗದ ಮೀಟರು ಇಂಥಲ್ಲಿ ನಿಜಕ್ಕಿಂತ ಕಡಮೆ ತೋರಿಸುವುದೂ ಉಂಟಂತೆ. ಹುಡುಗ ತನ್ನ ಕ್ಯಾಮೆರಾವನ್ನು ಮೆಲ್ಲನೆ ಚೀಲದೊಳಗೆ ಇಟ್ಟುಕೊಂಡ.

ಗೆಳೆಯರು ಇನ್ನೆರಡು ಮಾತು ಹೇಳಿದರು. ಫ್ಲ್ಯಾಷನ್ನು ಬಿಚ್ಚಿ ನೋಡುವ ಕುತೂಹಲ ಯಾರಿಗೂ ಬೇಡ; ಸೆಲ್ಲು ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿನ ಸುಮಾರಿಗೆ ವಿದ್ಯುತ್ತು ಉಳಿದಿರುತ್ತದೆ. ವರ್ಷಗಟ್ಟಲೆ ಮಲಗಿದ್ದ ಕೆಪಾಸಿಟರನ್ನು ಎಬ್ಬಿಸುವುದೂ ನಿಧಾನವಾಗಿಯೇ ಆಗಬೇಕು: ತುಂಬಿಸಿ, ಕೆಲಹೊತ್ತು ಹಾಗೆಯೇ ಬಿಟ್ಟು, ಕೈಯಿಂದ ನಾಲ್ಕಾರು ಬಾರಿ ಮಿಂಚಿಸಿ, ಆಮೇಲೆ ಕೆಲಸಕ್ಕೆ.

ಹಾಗಾದರೆ ಮಾವನ ಫ್ಲ್ಯಾಷ್ ಬೀರುವಿಗೇ ಹೋಗಬೇಕೆ? ಬೇಕಾಗಿಲ್ಲ. ಅದು ಕ್ಯಾಮೆರಾವನ್ನು ಮುಟ್ಟದಿದ್ದರಾಯಿತು. ಕ್ಯಾಮೆರಾದ ಪುಟ್ಟ ಫ್ಲ್ಯಾಷಿನ ಬೆಳಕನ್ನು ಕಂಡು ದೊಡ್ಡದನ್ನು ಸಿಡಿಸುವ ಬೆಳಕಿನ ಕಣ್ಣೊಂದು ಸಿಕ್ಕುತ್ತದೆ. ಆದರೆ ಬಿಸಿಲಲ್ಲಿ ಆ ಕಣ್ಣು ಮಂಜಾಗುತ್ತದೆ. ಮೇಲಾಗಿ ಇಂದಿನ ಕ್ಯಾಮೆರಾಗಳು ಅಳತೆಗೆಂದು ಮೊದಲೊಮ್ಮೆ ಮಿಂಚುವುದರಿಂದ ದೊಡ್ಡದು ಹೊತ್ತಿಗೆ ಮುಂಚೆಯೇ ಸಿಡಿದುಬಿಡುತ್ತದೆ. ರೇಡಿಯೋ ಪ್ರಚೋದಕವೇ ಮೇಲು. ಅದು 300 ವೋಲ್ಟು ತಡೆಯುತ್ತದೆಯೇ ಎಂದು ಕೇಳಿಯೇ ಕೊಳ್ಳಬೇಕು. ಅಂಥದೊಂದನ್ನು ನಾವಿಬ್ಬರೂ ಹುಡುಕಿ ಕೊಂಡೆವು.

ಇದರಿಂದ ಇನ್ನೊಂದು ಲಾಭವಾಯಿತು. ಕ್ಯಾಮೆರಾದ ನೆತ್ತಿಯಿಂದ ಬೀಳುವ ಬೆಳಕು ಮುಖವನ್ನು ಚಪ್ಪಟೆ ಮಾಡುತ್ತದೆ. ಪಕ್ಕದಿಂದ ಬಂದರೆ ಮೂಗಿಗೆ ಮೂಗಿನ ರೂಪ ಬರುತ್ತದೆ. ಘಾಟಿಯಲ್ಲಿ ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿರುವವನನ್ನು ಕನ್ನಡಿಯಲ್ಲಿ ಕಾಣಬೇಕು. ಎದುರಿನಿಂದಲೇ ಎಲ್ಲವನ್ನೂ ನೋಡಲಾಗದೆಂಬುದನ್ನು ಆ ಊರಿನ ಫೋಟೋಗ್ರಾಫರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಳೆಯ ಫ್ಲ್ಯಾಷಿಗೂ ಹೊಸ ಕ್ಯಾಮೆರಾಕ್ಕೂ ಭಾಷೆ ಬೇರೆಯಾದ್ದರಿಂದ ಲೆಕ್ಕ ನಾವೇ ಹಾಕಬೇಕು. 283ರ ಸಂಖ್ಯೆ, ಐ.ಎಸ್.ಓ. 100ಕ್ಕೆ ಅಡಿಗಳಲ್ಲಿ 120. ಫ್ಲ್ಯಾಷಿನಿಂದ ಮನುಷ್ಯರಿಗೆ ಹನ್ನೊಂದು ಅಡಿಯಿದ್ದರೆ, 120ನ್ನು ಹನ್ನೊಂದರಿಂದ ಭಾಗಿಸಿ ದ್ವಾರವನ್ನು ಎಫ್ 11ಕ್ಕೆ ಇಟ್ಟರಾಯಿತು. ಷಟರನ್ನು 1/160ಕ್ಕಿಂತ ಚುರುಕು ಮಾಡಬಾರದು. ವೇಗ ಮಿತಿಮೀರಿದರೆ ಚಿತ್ರದ ಒಂದಂಚು ಕರಿ ಪಟ್ಟಿಯಾಗುತ್ತದೆ. ಗಣಿತಕ್ಕೆ ಹೆದರಿ ಕಲಾ ವಿಭಾಗ ಸೇರಿದವನು ಈ ಭಾಗಾಕಾರವನ್ನು ಈಗ ಬಾಯಲ್ಲೇ ಮಾಡುತ್ತಾನೆ.

ಕಳೆದ ಬಾರಿ ಹೋದಾಗ ಅವನ ತಮ್ಮ ಫ್ಲ್ಯಾಷನ್ನು ಬಿದಿರು ಗಳುವಿನ ತುದಿಗೆ ಕಟ್ಟಿ ಎತ್ತಿ ಹಿಡಿದಿದ್ದ. ಹಾಸನದ ಕಡೆಯ ಕುಟುಂಬವೊಂದು ನಾಗರಕಲ್ಲಿನ ಮುಂದೆ ನಿಂತಿತ್ತು; ಅಜ್ಜಿಯ ಕಂಕುಳಲ್ಲಿ ಮಗು. ಗಳುವಿನ ತುದಿಯಿಂದ ಕುಂಯ್ ಎಂದು ಸದ್ದು ಬಂದಿತು. ಅಜ್ಜಿ ಮೇಲೆ ನೋಡಿದಳು. "ಅತ್ತ ನೋಡಬೇಡಿ ಅಜ್ಜೀ, ಇತ್ತ ನೋಡಿ" ಎಂದು ಹುಡುಗ ಕೂಗಿದ. ಚೀಟಿಯ ಕಂತು ಇನ್ನು ಎರಡೇ ಉಳಿದಿದೆಯೆಂದು ಆಮೇಲೆ ಕಾಫಿ ಕುಡಿಯುವಾಗ ಹೇಳಿದ.