ಮಾದಪ್ಪನ ಬೆಟ್ಟದಲ್ಲಿ ಗೇಮಿನ ದನಿ

ಕೊಳ್ಳೇಗಾಲ, ಹನೂರು ದಾಟಿ ತಾಳಬೆಟ್ಟದಿಂದ ಮೇಲೇರುವ ಹಾದಿಯಲ್ಲಿ ‘ಉಘೇ ಮಾದಪ್ಪ’ ಎಂಬ ಕೂಗು ಕೇಳದ ತಿರುವಿಲ್ಲ. ಎಪ್ಪತ್ತೇಳು ಮಲೆಗಳ ಒಡೆಯನ ಸೀಮೆಯಿದು. ಗುಡಿಯ ಹೊರಗೆ ಕಂಸಾಳೆಯವರು ಸಿಗುತ್ತಾರೆ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಒಬ್ಬರು ಕಥೆ ಹಾಡಿದರೆ ಉಳಿದವರು ಸೊಲ್ಲು ಹಿಡಿಯುತ್ತಾರೆ.

ಕಾಲೇಜಿನಲ್ಲಿ ಓದುವ ಅಕ್ಕನ ಮಗ ನನ್ನೊಡನೆ ಬಂದದ್ದೇ ಇವರಿಗಾಗಿ. ಮಾದಪ್ಪನ ಪದವೊಂದನ್ನು ಅವನು ಹಳೆಯ ವಿಡಿಯೊ ಗೇಮಿನ ದನಿಗೆ ಇಳಿಸಿದ್ದ. (ಅಕ್ಕನ ಪ್ರಕಾರ ಇದು ಓದಿಗೆ ದಂಡ.) 1989ರಲ್ಲಿ ಬಂದ ಗೇಮ್‌ಬಾಯ್‌ ಯಂತ್ರ ಒಮ್ಮೆಗೆ ನುಡಿಸಬಲ್ಲದ್ದು ನಾಲ್ಕೇ ದನಿ; ಅದರಲ್ಲೂ ಒಂದು ಬರೀ ‘ಸರ್‍’ ಎನ್ನುವ ಗದ್ದಲ. ಅಷ್ಟರಲ್ಲೇ ರಷ್ಯದ ‘ಕೊರೊಬೆಯ್ನಿಕಿ’ ಧಾಟಿ ‘ಟೆಟ್ರಿಸ್’ ಆಟದೊಂದಿಗೆ ಲೋಕ ಸುತ್ತಿತು. ನಮ್ಮ ಹುಡುಗ ಆ ಗದ್ದಲವನ್ನೇ ತುಂಡರಿಸಿ ಕಂಸಾಳೆ ಮಾಡಿದ್ದ. ಜಾಣ ಉಪಾಯವೇ. ಆದರೆ ದೇವರ ಪದವನ್ನು ಆಟಿಕೆ ಮಾಡಿದೆಯೆಂದು ಬೈದಾರೆಂಬ ಅಂಜಿಕೆ ಅವನಿಗೆ.

ಹಿರಿಯರೊಬ್ಬರು ಫೋನನ್ನು ಕಿವಿಗೊತ್ತಿ ಎರಡು ಸಲ ಕೇಳಿದರು. ಬೈಯಲಿಲ್ಲ.

“ತಾಳ ಸರ್ಯಾಗ್ ಬಿದ್ದದ ಕನ ಮಗ. ಆದ್ರ ಇದು ಉಸ್ರೇ ಬುಡಲ್ವಲ್ಲ? ಸೊಲ್ಲಾಡೋರು ಎಲ್ಲಿ ಹಾಡ್ಬೇಕು?”

ಆಮೇಲೆ ಬಟ್ಟಲಿನ ಅಂಚಿಗೊಂದು, ಬಾಯಿಗೊಂದು ಏಟು ಹಾಕಿ ಎರಡರ ವ್ಯತ್ಯಾಸ ಕೇಳಿಸಿದರು. ಹುಡುಗನ ಯಂತ್ರದಲ್ಲಿ ಎರಡಕ್ಕೂ ಒಂದೇ ಸದ್ದಿತ್ತು.

ಸಂಜೆ ಅಂತರಗಂಗೆಯ ಬಳಿ ಕೂತು ಅವನು ಪ್ರತಿ ಸಾಲಿನ ಕೊನೆಯಲ್ಲೂ ಜಾಗ ಬಿಡಿಸುತ್ತಿದ್ದ. ಪದ ಮೊದಲಿಗಿಂತ ಉದ್ದವಾಗಿತ್ತು.