ಯುಮ್ಮಾನ ಊರು

ಕುವೈತಿನ ರುಮೈಥಿಯಾ ಬಡಾವಣೆಯಲ್ಲಿ ಹತ್ತಿ ಕೂರುವಂಥ ಮರವೇ ಇರಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಉಡುಪಿ ಕಡೆಯ ಹಳ್ಳಿಯಿಂದ ಹೋದ ನನಗೆ ಮೊದಲು ಕಣ್ಣಿಗೆ ಬಿದ್ದ ಕೊರತೆ ಅದೇ. ವಿಳಾಸವೋ ಬರೀ ಅಂಕಿ: ಬ್ಲಾಕ್ ಇಷ್ಟು, ರಸ್ತೆ ಇಷ್ಟು, ಮನೆ ಇಷ್ಟು. ಅದನ್ನು ನನಗೆ ಬಾಯಿಪಾಠ ಮಾಡಿಸುತ್ತ ಅಮ್ಮ, "ಮಗ್ಗಿ ಪುಸ್ತಕದಲ್ಲಿ ಸಂಸಾರ ಹೂಡಿದ ಹಾಗಾಯ್ತಲ್ಲ ಮಾರಾಯ" ಎನ್ನುತ್ತಿದ್ದಳು.

ಜಮಿಯಾದಿಂದ, ಅಂದರೆ ಬಡಾವಣೆಯ ಸಹಕಾರಿ ಅಂಗಡಿಯಿಂದ, ರೊಟ್ಟಿ ತರುವುದು ನನ್ನ ಪಾಲಿನ ಕೆಲಸ. ಇರಾನಿ ಭಟ್ಟಿಯವನು ಹಿಟ್ಟನ್ನು ದಿಂಬಿನ ಮೇಲೆ ಹರಡಿ ಒಲೆಯ ಗೋಡೆಗೆ ಪಟ್ಟೆಂದು ಬಡಿದು, ಉಬ್ಬಿದ ಮೇಲೆ ಕೊಕ್ಕೆಯಿಂದ ಎಳೆದು ಹಲಗೆಗೆ ಎಸೆಯುತ್ತಿದ್ದ. ತೋಳಿನ ಮೇಲೆ ಹಾಕಿಕೊಂಡು, ಬಿಸಿ ತಾಳದೆ ತೋಳು ಬದಲಿಸುತ್ತ, ಅಂಚು ಹರಿದು ತಿನ್ನುತ್ತ ಮನೆ ಸೇರಿದರೆ ನಂಜಿಕೊಳ್ಳಲು ಅಮ್ಮನ ಕಾಯಿಚಟ್ನಿ. ಈ ಜೋಡಿಯನ್ನು ಮೀರಿಸುವ ತಿಂಡಿ ಇನ್ನೂ ನನಗೆ ಸಿಕ್ಕಿಲ್ಲ.

ನಾವಿದ್ದದ್ದು ಮಹಡಿಯಲ್ಲಿ. ಕೆಳಗೆ ಮನೆಯೊಡೆಯರು, ಅವರ ಮುದಿ ತಾಯಿ. ಮನೆಯವರಂತೆ ನಾವೂ ಆಕೆಯನ್ನು ಯುಮ್ಮಾ ಎಂದೇ ಕರೆಯುತ್ತಿದ್ದೆವು. ಗಂಡ ಹಾಯಿಹಡಗಿನಲ್ಲಿ ಖರ್ಜೂರ ಹೇರಿಕೊಂಡು ಕಲ್ಲಿಕೋಟೆಗೆ ಹೋಗಿ ತೇಗದ ಮರ ತರುತ್ತಿದ್ದವನು. ಅವನಿಂದ ಕಲಿತ ಹರಕು ಹಿಂದಿಯಲ್ಲಿ ಸಂಜೆ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ದೂರು ಹೇಳುವಳು: ರಸ್ತೆ ಇಷ್ಟಗಲ ಯಾಕೆ? ಹಳೇ ಪೇಟೆಯಲ್ಲಾದರೆ ಮಾಳಿಗೆಯಿಂದ ಕೂಗಿದರೆ ನೆರೆಯವಳು ಓಗೊಡುತ್ತಿದ್ದಳು.

ಆಗ ತಿಳಿಯಿತು, ಆಕೆಯೂ ವಲಸೆ ಬಂದವಳೇ. ಮಣ್ಣಿನ ಗೋಡೆಯೊಳಗಿನ ಕುವೈತ್ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಎಣ್ಣೆಯ ದುಡ್ಡು ಬಂದ ಮೇಲೆ ಸರ್ಕಾರ ಅಲ್ಲಿನ ಮನೆಗಳನ್ನು ಒಳ್ಳೆಯ ಬೆಲೆಗೆ ಕೊಂಡಿತು, 1957ರಲ್ಲಿ ಗೋಡೆಯನ್ನೂ ಕೆಡವಿತು. ಜನ ಹೊರಗಿನ ಹೊಸ ಬಡಾವಣೆಗಳಿಗೆ ಚದುರಿದರು. ದೋಣಿಯಲ್ಲಿ ಷತ್ ಅಲ್ ಅರಬ್‌ನಿಂದ ಬರುತ್ತಿದ್ದ ಕುಡಿಯುವ ನೀರು, 1961ರವರೆಗೂ ಅಲ್ಲಿ ಓಡುತ್ತಿದ್ದ ರೂಪಾಯಿ, ಎಲ್ಲ ಆಕೆಯ ಬಾಯಲ್ಲಿ ನಿನ್ನೆ ಮೊನ್ನೆಯವು. ಅಮ್ಮ ನಮ್ಮ ಬಾವಿಯ ವರ್ಣನೆಗೆ ಇಳಿದರೆ ಯುಮ್ಮಾ, "ಸಿಹಿನೀರೇ? ಮನೆಯಂಗಳದಲ್ಲೇ?" ಎಂದು ಮತ್ತೆ ಮತ್ತೆ ಕೇಳುವಳು. ನಂಬಿದಳೋ ಇಲ್ಲವೋ!

ಊರು ಮಾತ್ರ ಸುಮ್ಮನೆ ಕೂರಲಿಲ್ಲ. ಈ ವರ್ಷ ನಾವು ವಿಕೆಟ್ ನೆಟ್ಟ ಮರಳಿನ ಜಾಗದಲ್ಲಿ ಮುಂದಿನ ವರ್ಷ ಯಾರದೋ ದಿವಾನಿಯಾ, ಅಂದರೆ ಗಂಡಸರು ಕೂಡಿ ಹರಟುವ ಚಾವಡಿ, ಎದ್ದಿರುತ್ತಿತ್ತು, ಆಟ ಇನ್ನೊಂದು ಖಾಲಿ ನಿವೇಶನಕ್ಕೆ ಹೋಗುತ್ತಿತ್ತು. ನಮ್ಮ ಮನೆಯ ಮೇಲೂ ಇನ್ನೊಂದು ಅಂತಸ್ತು ಏರತೊಡಗಿದಾಗ, ಸಿಮೆಂಟಿನ ಧೂಳಿಗೆ ಸೆರಗು ಮುಚ್ಚಿಕೊಂಡ ಅಮ್ಮನಿಗೆ ಯುಮ್ಮಾ, "ನಾವಿಬ್ಬರೂ ಒಟ್ಟಿಗೇ ಹಿಂದಕ್ಕೆ ಹೋಗೋಣ" ಎಂದಳಂತೆ. ಆಕೆಯ ಮನೆಯಿದ್ದಲ್ಲಿ ಆಗಲೇ ಬ್ಯಾಂಕೊಂದು ನಿಂತಿತ್ತು. ನಮ್ಮದಕ್ಕೆ ಅಪ್ಪನ ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿಯಬೇಕಿತ್ತು, ಅಷ್ಟೇ.